ಬೆಟ್ಟಯ್ಯ ಕೂರಿಸಿದ ಮುಖ

ಸತ್ತ ಚಿರತೆಗೆ ಕೋಪ ಬರಿಸುವುದು ಬೆಟ್ಟಯ್ಯನ ಕಸುಬು. ಮೈಸೂರಿನಲ್ಲಿ ಸತ್ತ ಪ್ರಾಣಿಗಳ ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲಿಸುವವರು ಕೆಲವರಿದ್ದರೂ, ಬರೀ ಮುಖದ ಕೆಲಸಕ್ಕೆಂದೇ ಸಂಬಳ ತೆಗೆದುಕೊಳ್ಳುತ್ತಿದ್ದವನು ಇವನೊಬ್ಬ. ಬೇಟೆಯವರು ಉಪ್ಪು ಸವರಿ ಗೋಣಿಯಲ್ಲಿ ಕಟ್ಟಿ ತಂದ ಚರ್ಮವನ್ನು ಉಳಿದ ಆಳುಗಳು ಹದ ಮಾಡುತ್ತಿದ್ದರು, ಮರದ ಚೌಕಟ್ಟಿಗೆ ಹೊದಿಸುತ್ತಿದ್ದರು, ಹೊಟ್ಟೆ ಹೊಲಿಯುತ್ತಿದ್ದರು. ಆಮೇಲೆ ಬೆಟ್ಟಯ್ಯ ಕೈತೊಳೆದುಕೊಂಡು ಬಂದು, ಒದ್ದೆ ಚರ್ಮದ ಒಳಗೆ ಜೇಡಿಮಣ್ಣು ತುಂಬಿ, ಕೆನ್ನೆ ಎತ್ತಿ, ತುಟಿ ಮಡಿಸಿ, ಗಾಜಿನ ಕಣ್ಣಿಟ್ಟು, ಅಲ್ಲಲ್ಲಿ ಗುಂಡುಸೂಜಿ ಚುಚ್ಚಿ ಒಣಗಲು ಬಿಡುತ್ತಿದ್ದ. ನಾಲ್ಕು ದಿನ ಬಿಟ್ಟು ಸೂಜಿ ಕಿತ್ತರೆ ಚಿರತೆ ಗರ್ಜಿಸುತ್ತಿತ್ತು.

ಗರ್ಜಿಸಲೇಬೇಕಿತ್ತು. ನಿದ್ದೆಯಲ್ಲಿ ಗುಂಡು ತಿಂದ ಚಿರತೆಯೂ, ಬೆನ್ನು ತೋರಿಸಿ ಓಡುವಾಗ ಬಿದ್ದ ಚಿರತೆಯೂ ದೊರೆಸ್ವಾಮಿಯ ಕಾರ್ಖಾನೆಗೆ ಬಂದಮೇಲೆ ಎದುರು ನುಗ್ಗಿದ ಚಿರತೆಯೇ ಆಗಬೇಕು. ಮರದ ಮೇಲೆ ಕಟ್ಟಿದ ಮಚಾನಿನಲ್ಲಿ ಕಂಬಳಿ ಹೊದ್ದು ಕೂತು ಹೊಡೆದವರಿಗಂತೂ ಇನ್ನೆರಡು ಹಲ್ಲು ಜಾಸ್ತಿಯೇ ಕಾಣಬೇಕು. ಮನೆಗೆ ಬಂದ ನೆಂಟರು ಚಿರತೆಯ ಹಲ್ಲು ನೋಡಿ ಮನೆಯವನ ಧೈರ್ಯ ಅಳೆಯುತ್ತಾರೆ ಎಂಬುದು ಯಜಮಾನ ದೊರೆಸ್ವಾಮಿಗೆ ಚೆನ್ನಾಗಿ ಗೊತ್ತಿತ್ತು. ಆತ ಮಾರುತ್ತಿದ್ದುದು ಚರ್ಮವನ್ನಲ್ಲ.

"ಕೋಪ ಸಾಲದು ಕಣಯ್ಯ" ಎನ್ನುತ್ತಿದ್ದ ದೊರೆಸ್ವಾಮಿ, ಪ್ರತಿ ಮುಖದ ಮುಂದೆಯೂ ನಿಂತು. "ಮೂಗು ಇನ್ನೊಂಚೂರು ಸುಕ್ಕು ಮಾಡು."

ಬೆಟ್ಟಯ್ಯ ಮಾಡುತ್ತಿದ್ದ. ಜೀವಂತ ಚಿರತೆಯನ್ನು ಹತ್ತಿರದಿಂದ ಅವನು ಕಂಡವನೇ ಅಲ್ಲ. ಆ ಸುಕ್ಕು, ಆ ಮೇಲೆದ್ದ ತುಟಿ, ಆ ಕಿರಿದಾದ ಕಣ್ಣು ಎಲ್ಲವನ್ನೂ ಅವನು ಎರವಲು ತಂದದ್ದು, ಆಳುಗಳು ತಡವಾಗಿ ಬಂದಾಗ ಬಾಗಿಲಲ್ಲಿ ನಿಲ್ಲುತ್ತಿದ್ದ ದೊರೆಸ್ವಾಮಿಯ ಮುಖದಿಂದ. ಕೊಡಗಿನ ತೋಟದ ಬಂಗಲೆಗಳಲ್ಲಿ, ಬೆಂಗಳೂರಿನ ಕ್ಲಬ್ಬುಗಳಲ್ಲಿ ಎಷ್ಟೋ ಗೋಡೆಗಳ ಮೇಲಿನಿಂದ ತಾನೇ ಹಲ್ಲು ಕಿರಿಯುತ್ತಿದ್ದೇನೆಂದು ಆ ಯಜಮಾನನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಬೆಟ್ಟಯ್ಯ ಬೋಗಾದಿಯ ರಾಗಿಹೊಲದ ಮನೆಯ ಕಿರಿಮಗ. ಊರಿನ ಗೌರಿ ಗಣಪತಿಗಳನ್ನು ಮಾಡಿ ಮಣ್ಣಿನಲ್ಲಿ ಕೈ ಪಳಗಿತ್ತು. ಸ್ವಾತಂತ್ರ್ಯ ಬಂದ ವರ್ಷವೇ ಕಾರ್ಖಾನೆ ಸೇರಿದ. ಆಗ ಕಾರ್ಖಾನೆ ಸಂತೆಪೇಟೆಯ ಹಿಂದಿನ ಗಲ್ಲಿಯಲ್ಲಿತ್ತು. ನಾತ ತಾಳದೆ ಅಕ್ಕಪಕ್ಕದವರು ದೂರು ಕೊಟ್ಟಮೇಲೆ ದೊರೆಸ್ವಾಮಿ ಅದನ್ನು ಅಶೋಕಪುರಂ ದಾಟಿ, ಚಾಮುಂಡಿ ಬೆಟ್ಟದ ಕಡೆಯ ಬಯಲಿಗೆ ಸಾಗಿಸಿದ. ಮೂರು ಕೋಣೆ, ಹಿಂದೆ ಎತ್ತರದ ಗೋಡೆಯ ದೊಡ್ಡ ಹಿತ್ತಲು. ಒಣಹಾಕಿದ ಚರ್ಮಕ್ಕೆ ಹದ್ದು ಕಾಗೆ ಎರಗದಂತೆ ಹಿತ್ತಲಿನ ಮೇಲೆ ತಂತಿಬಲೆ. ಮೂಳೆ ಕಸ ಹೊತ್ತು ಹೋಗುವ ಗಾಡಿಗೆಂದು ಒಂದು ಹಿಂಬಾಗಿಲು. ಅದನ್ನು ತೆರೆದರೆ ಬೆಟ್ಟದ ಬುಡದವರೆಗೂ ಲಂಟಾನ ಪೊದೆ. ಬೆಟ್ಟಯ್ಯನೂ ಹೆಂಡತಿ ಪಾರ್ವತಮ್ಮನನ್ನು ಕರೆದುಕೊಂಡು ಬಂದು ಕಾರ್ಖಾನೆಗೆ ಹತ್ತಿರದಲ್ಲೇ ಒಂದು ಹೆಂಚಿನ ಮನೆ ಹಿಡಿದ.

೧೯೫೩ರ ಕಾರ್ತೀಕದಲ್ಲಿ ಒಂದು ಎತ್ತಿನಗಾಡಿ ಬಂತು. ಗಾಡಿಯಲ್ಲಿ ಒಂದು ಗೋಣಿ, ಒಂದು ಮಕ್ಕರಿ. ಗೋಣಿಯಲ್ಲಿ ಹೆಣ್ಣು ಚಿರತೆಯ ಚರ್ಮ, ಬಾಯಿ ಕಟ್ಟಿದ ಮಕ್ಕರಿಯಲ್ಲಿ ಅದರ ಹೆಣ್ಣುಮರಿ. ಹೊಡೆದವನು ಶಿಕಾರಿ ಮಹದೇವು, ಹೊಡೆಸಿದವರು ಸುಂದರೇಶಯ್ಯ. ಸುಂದರೇಶಯ್ಯನವರದು ತಲೆಮಾರುಗಳಿಂದ ಅರಮನೆ ಊಳಿಗದ ಮನೆತನ. ಅಡಿಗೆಮನೆಯಲ್ಲಿ ಈರುಳ್ಳಿಯೂ ಬೇಯದು. ಆದರೆ ಅವರ ಸರೀಕ ಅಧಿಕಾರಿಗಳ ಹಜಾರದಲ್ಲೆಲ್ಲ ಚಿರತೆಗಳು ನಿಂತಿದ್ದವು, ಇವರ ಹಜಾರದಲ್ಲಿ ಬರೀ ವೀಣೆಯಿತ್ತು.

ಮರಿಯನ್ನು ನೋಡಿ ಸುಂದರೇಶಯ್ಯನವರಿಗೆ ಹೊಸ ಆಸೆ ಹುಟ್ಟಿತು. ತಾಯಿ ಮಗಳು ಜೋಡಿಯಾಗಿ ನಿಲ್ಲಬೇಕು, ಮುಂದಿನ ದಸರಾಕ್ಕೆ ಬರುವ ಅತಿಥಿಗಳು ನೋಡಬೇಕು.

"ಈಗಲೇ ತುಂಬಿದ್ರೆ ಬೆಕ್ಕಿನಷ್ಟಾಗುತ್ತೆ ಸ್ವಾಮಿ" ಎಂದ ದೊರೆಸ್ವಾಮಿ. "ದಸರಾವರೆಗೂ ಬೆಳೀಲಿ. ನೋಡೋಕೆ ಲಕ್ಷಣವಾಗಿರುತ್ತೆ." ಸುಂದರೇಶಯ್ಯ ಹೋದಮೇಲೆ ಬೆಟ್ಟಯ್ಯನ ಕಡೆ ತಿರುಗಿ, "ಮಂಡಿಯಿಂದ ಮೇಕೆ ಕರುಳು ತಂದು ಹಾಕು. ಮೈಮೇಲೆ ಗಾಯ ಆಗದ ಹಾಗೆ ನೋಡ್ಕೊ" ಎಂದ.

ಹೀಗೆ ಆ ಮರಿಯ ಸಾವಿನ ದಿನ ಪಂಚಾಂಗದಲ್ಲೇ ಗುರುತಾಯಿತು. ಬೆಟ್ಟಯ್ಯ ಅದನ್ನು ಕೂಸು ಎಂದು ಕರೆದ. ಹೆಸರಿಡಬೇಡಿ ಎಂದು ಪಾರ್ವತಮ್ಮ ಹೇಳಿದ್ದಳು. ಕೂಸು ಅನ್ನುವುದು ಹೆಸರಲ್ಲವಲ್ಲ ಎಂದು ಅವನ ವಾದ.

ತಾಯಿಯ ಮುಖ ಕೂರಿಸುವಾಗ ಕೂಸು ಅಲ್ಲೇ ಕಾಲಬಳಿ ಇರುತ್ತಿತ್ತು. ಮಣ್ಣಿನ ಉಂಡೆಯನ್ನು ಉರುಳಿಸಿಕೊಂಡು ಹೋಗಿ ಹಿಡಿಯುವುದು, ಬಿಟ್ಟು ಮತ್ತೆ ಹಿಡಿಯುವುದು. ಬೆಟ್ಟಯ್ಯ ಕೈ ಆಡಿಸಿದರೆ ಮುಂಗಾಲು ಬಗ್ಗಿಸಿ, ಹಿಂಭಾಗ ಎತ್ತಿ, ಬಾಯಿ ತೆರೆದು ಅವನ ಮುಖ ನೋಡುವುದು. ಆಮೇಲೇ ಹಾರುವುದು. ಕಚ್ಚಿದರೆ ಹಲ್ಲು ತಾಗುತ್ತಿತ್ತು, ಊರುತ್ತಿರಲಿಲ್ಲ. ಬೆಟ್ಟಯ್ಯ ಆ ಬಾಯಿಯನ್ನೇ ನೋಡಿದ. ತೆರೆದ ಬಾಯೇ, ಆದರೆ ತಾನು ಆರು ವರ್ಷದಿಂದ ಕೂರಿಸುತ್ತಿದ್ದ ಬಾಯಿಯಲ್ಲ. ಮೇಲ್ತುಟಿ ಇಳಿಬಿದ್ದು ಮೇಲಿನ ಹಲ್ಲನ್ನು ಮುಚ್ಚಿತ್ತು; ಕೆಳಗಿನ ಸಾಲು ಮಾತ್ರ ಕಾಣುತ್ತಿತ್ತು. ಮೂಗಿನ ಮೇಲೆ ಒಂದು ಸುಕ್ಕಿಲ್ಲ. ಕಿವಿ ಮುಂದಕ್ಕೆ, ಕಣ್ಣು ದುಂಡಗೆ.

ಸೂಜಿ ಕಿತ್ತ ದಿನ ದೊರೆಸ್ವಾಮಿ ತಾಯಿಚಿರತೆಯ ಸುತ್ತ ಎರಡು ಸುತ್ತು ಬಂದ. ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಬಾಯಿ ತೆರೆದಿದೆ, ಹಲ್ಲಿದೆ, ನಾಲಿಗೆಯಿದೆ. ಸಂಕ್ರಾಂತಿಗೆ ಮುಂಚೆ ಸುಂದರೇಶಯ್ಯನವರ ಮನೆಗೆ ಕಳಿಸಿದ. ತನ್ನ ಕೈ ಮಾಡಿದ ತಪ್ಪನ್ನು ಬೆಟ್ಟಯ್ಯ ಕಂಡದ್ದೂ ಆ ದಿನವೇ, ಗಾಡಿ ಹತ್ತಿಸುವಾಗ. ಸತ್ತ ತಾಯಿಗೆ ಅವನು ಮರಿಯ ಆಟದ ಮುಖ ಕೂರಿಸಿದ್ದ.

ಶಿವರಾತ್ರಿಗೆ ಅದು ವಾಪಸು ಬಂತು. ಸುಂದರೇಶಯ್ಯ ತಾವೇ ಜೊತೆಯಲ್ಲಿ ಬಂದಿದ್ದರು. ಬಿಸಿಲಲ್ಲೂ ಶಾಲು ಹೊದ್ದಿದ್ದರು.

"ಮುಖ ಬದಲಾಯಿಸಿ" ಎಂದರು.

"ಏನಾಗಿದೆ ಸ್ವಾಮಿ?"

"ನಮ್ಮ ನಾಯಿ ಇದರ ಮುಂದೆ ಮೊಣಕೈ ಊರಿ ಬಾಲ ಆಡಿಸುತ್ತೆ. ಗಂಟೆಗಟ್ಟಲೆ. ಊಟ ಬಿಟ್ಟಿದೆ." ಸುಂದರೇಶಯ್ಯ ಶಾಲನ್ನು ಇನ್ನಷ್ಟು ಎಳೆದು ಹೊದ್ದರು. "ನಮ್ಮ ತಾಯಿಯವರು, ಗಿರಿಜಾಂಬಾ, ಎಪ್ಪತ್ತೆರಡು ವರ್ಷ. ಮೊನ್ನೆ ಮಧ್ಯಾಹ್ನ ಹಜಾರದಲ್ಲಿ ಇದರ ಎದುರು ಅಂಗೈ ಊರಿ ಕೂತಿದ್ರು. ಸೆರಗು ಜಾರಿದ್ದೂ ಗೊತ್ತಿಲ್ಲ. ಏನಮ್ಮ ಅಂದ್ರೆ, ‘ಅದು ಕರೀತಿದೆ ಕಣೋ, ಎಷ್ಟು ಹೊತ್ತೂಂತ ಕಾಯಿಸೋದು’ ಅಂದ್ರು."

ದೊರೆಸ್ವಾಮಿ ಬೆಟ್ಟಯ್ಯನನ್ನು ನೋಡಿದ. ಬೆಟ್ಟಯ್ಯ ನೆಲ ನೋಡಿದ. ಮರಿಯ ಕೆಲಸ ಮಾಡುವಾಗ ಇದನ್ನೂ ಸರಿಮಾಡುವುದೆಂದು ಮಾತಾಯಿತು. ಅಲ್ಲಿಯವರೆಗೆ ತಾಯಿಚಿರತೆಯನ್ನು ಹಿತ್ತಲಿನ ಚಪ್ಪರದ ಕೆಳಗೆ ನಿಲ್ಲಿಸಿದರು. ಆ ದಿನದಿಂದ ಕೂಸು ಮಲಗುತ್ತಿದ್ದುದು ಅದರ ಮುಂಗಾಲುಗಳ ನಡುವೆ.

ತಿಂಗಳಿಗೊಮ್ಮೆ ಬಿಂದುಮಾಧವ ಬರುತ್ತಿದ್ದ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ದೊರೆಸ್ವಾಮಿಗೆ ಬೇಡದ ತಲೆಬುರುಡೆಗಳು ಅವನಿಗೆ ಬೇಕಿದ್ದವು. ಬೆಟ್ಟಯ್ಯ ಅವನನ್ನು ಕಿಟಕಿಯ ಹತ್ತಿರ ಕರೆದು ಕೂಸನ್ನು ತೋರಿಸಿದ. ಅದು ಒಂದು ಗರಿಯನ್ನು ಅಟ್ಟಿಸಿಕೊಂಡು ಹಿತ್ತಲೆಲ್ಲ ಸುತ್ತುತ್ತಿತ್ತು.

"ಯಾಕಿಂಗಾಡ್ತದೆ ಮೇಷ್ಟ್ರೇ? ಹೊಟ್ಟೆ ತುಂಬೈತೆ. ಮಲಗ್ಬೋದಲ್ಲ."

"ಹಾವಿನ ಮರಿ ಹೀಗೆ ಆಡೋದು ಕಂಡಿದ್ದೀರಾ ಬೆಟ್ಟಯ್ಯ? ಅದಕ್ಕೆ ಗೊತ್ತಿರಬೇಕಾದ್ದೆಲ್ಲ ಹುಟ್ಟುವಾಗಲೇ ಗೊತ್ತು. ಬೆಕ್ಕು, ನಾಯಿ, ಕೋತಿ, ಆನೆ, ನಾವು, ಹೀಗೆ ತಾಯಿ ಹತ್ರ ಬಹಳ ಕಾಲ ಇರೋ ಜಾತಿಗಳೇ ಹೆಚ್ಚು ಆಡೋದು. ಆಡೋ ಮರಿ ಮೈಮರೆಯುತ್ತೆ, ಹದ್ದಿನ ಕಣ್ಣಿಗೆ ಬೀಳುತ್ತೆ, ಕುಡಿದ ಹಾಲೆಲ್ಲ ಕುಣಿದು ಕಳೆಯುತ್ತೆ. ಇಷ್ಟು ನಷ್ಟ ಇದ್ದೂ ಲಕ್ಷಾಂತರ ವರ್ಷದಿಂದ ಈ ಚಟ ಅಳಿದಿಲ್ಲ ಅಂದ್ರೆ, ಆಡಿದ ಮರಿಗಳೇ ಹೆಚ್ಚು ಬದುಕಿ ಹೆತ್ತಿರಬೇಕು ಕಣ್ರೀ."

"ಏನು ಕಲೀತದೆ ಆಟದಾಗೆ?"

"ನೋಡಿ ನೀವೇ. ಹೊಂಚೋದು, ಹಾರೋದು, ಕತ್ತಿಗೆ ಬಾಯಿ ಹಾಕೋದು. ಕೊಲ್ಲೋ ಕೆಲಸವೇ ಎಲ್ಲ. ಕೊನೇ ಕಚ್ಚು ಒಂದನ್ನ ಬಿಟ್ಟಿರುತ್ತೆ. ಅದಕ್ಕೇ ಮೊದಲು ಮುಂಗಾಲು ಬಗ್ಗಿಸಿ ಬಾಯಿ ತೆರೆಯೋದು. ಇನ್ನು ಮೇಲೆ ಮಾಡೋದೆಲ್ಲ ಸುಳ್ಳು ಅಂತ ಮುಂಚೆಯೇ ಹೇಳಿಬಿಡುತ್ತೆ. ಹೇಳದೆ ಬಂದ್ರೆ ಜೊತೆಯ ಮರಿ ಹೆದರುತ್ತೆ, ಆಟ ಮುರಿಯುತ್ತೆ."

"ತಾಯಿ ಇಲ್ದೆ ಇದು ಬೇಟೆ ಕಲೀತದಾ?"

ಬಿಂದುಮಾಧವ ಬುರುಡೆಯನ್ನು ಕಾಗದದಲ್ಲಿ ಸುತ್ತುತ್ತ ಯೋಚಿಸಿದ. "ಆಡೋಕೆ ಜೊತೆ ಸಿಕ್ಕರೆ ಅರ್ಧ ಕಲಿಯಬಹುದು."

"ಉಳಿದರ್ಧ?"

"ಅದನ್ನ ಜೊತೆಯವರ ಮೇಲೇ ಕಲಿತರೆ, ನಮಗೆ ಬಂದು ಹೇಳೋಕೆ ಅವರಿರೋದಿಲ್ಲ." ನಕ್ಕು, ಸೈಕಲ್ಲಿಗೆ ಬುರುಡೆ ಕಟ್ಟಿಕೊಂಡು ಹೋದ.

ಬೆಟ್ಟಯ್ಯ ನಗಲಿಲ್ಲ. ಅವನ ಯೋಚನೆ ಸರಳವಾಗಿತ್ತು. ದಸರಾಕ್ಕೆ ಮುಂಚೆ ಹಿಂಬಾಗಿಲು ತೆರೆದು ಕೂಸನ್ನು ಬೆಟ್ಟಕ್ಕೆ ಬಿಡಬೇಕು. ಬೇಟೆ ಬಾರದೆ ಬಿಟ್ಟರೆ ಅದು ಹಸಿದು ಅಶೋಕಪುರದ ಕೋಳಿಗೂಡಿಗೇ ಇಳಿದು ಬಂದು ದೊಣ್ಣೆ ತಿಂದು ಸಾಯುತ್ತದೆ. ಅದಕ್ಕಿಂತ ದೊರೆಸ್ವಾಮಿ ಕತ್ತಿಗೆ ಬಿಗಿಸುವ ಹಗ್ಗವೇ ಎಷ್ಟೋ ಮೇಲು. ಆದ್ದರಿಂದ ಮೊದಲು ಕಲಿಯಬೇಕು. ಕಲಿತಿದೆಯೆಂದು ಗೊತ್ತಾಗುವುದು ಹೇಗೆ? ಬಾಯಿ ತೆರೆದು ಕೇಳದೆ, ಬಾಯಿ ಮುಚ್ಚಿಕೊಂಡು ಮೇಲೆ ಬಿದ್ದ ದಿನ. ಯಾರ ಮೇಲೆ ಎಂಬುದನ್ನು ಅವನು ಆಮೇಲೆ ಯೋಚಿಸೋಣವೆಂದು ಬಿಟ್ಟ.

ದೊರೆಸ್ವಾಮಿ ಒಂದು ಗಂಟೆಗೆ ಊಟಕ್ಕೆ ಮನೆಗೆ ಹೋದರೆ ನಿದ್ದೆ ಮುಗಿಸಿ ಬರುವುದು ನಾಲ್ಕಕ್ಕೆ. ಆಳುಗಳೂ ಮುಂದಿನ ಹುಣಸೆಮರದ ಕೆಳಗೆ ಮಲಗುತ್ತಿದ್ದರು. ಆ ಹೊತ್ತಿನಲ್ಲಿ ಬೆಟ್ಟಯ್ಯ ಹಿತ್ತಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಕಾರ್ಖಾನೆಯಲ್ಲಿ ಹುಳು ತಿಂದು ಮೂಲೆಗೆ ಬಿದ್ದಿದ್ದ ಒಂದು ಸಾರಗದ, ಎಂದರೆ ಚುಕ್ಕಿಜಿಂಕೆಯ, ಚರ್ಮವಿತ್ತು. ಚುಕ್ಕಿಯೆಲ್ಲ ಇನ್ನೂ ಹಾಗೇ ಇತ್ತು. ಅದನ್ನು ಬೆನ್ನಿಗೆ ಹೊದ್ದು, ಕತ್ತಿಗೆ ಮೂರು ಸುತ್ತು ತೆಂಗಿನನಾರಿನ ಹಗ್ಗ ಸುತ್ತಿ, ಅಂಗೈ ಮೊಣಕಾಲು ಊರಿ ನಿಲ್ಲುತ್ತಿದ್ದ. ಹುಲ್ಲು ಮೇಯುವವನಂತೆ ತಲೆ ತಗ್ಗಿಸುತ್ತಿದ್ದ. ಕೂಸು ಬಾಯಿ ತೆರೆದು ಕೇಳುತ್ತಿತ್ತು. ಅವನೂ ಬಾಯಿ ತೆರೆದು ಒಪ್ಪಿಗೆ ಕೊಡುತ್ತಿದ್ದ. ಆಮೇಲೆ ಅದು ಅಡಗುತ್ತಿತ್ತು, ಡ್ರಮ್ಮಿನ ಹಿಂದೆ, ಮೂಳೆ ರಾಶಿಯ ಹಿಂದೆ, ತಾಯಿಯ ಹೊಟ್ಟೆಯ ಕೆಳಗೆ.

ಮೊದಮೊದಲು ಎರಡೇ ಹೆಜ್ಜೆಗೆ ಸದ್ದು ಮಾಡಿ ಸಿಕ್ಕಿಬೀಳುತ್ತಿತ್ತು. ಚೈತ್ರದ ಹೊತ್ತಿಗೆ ಅದು ಎಲ್ಲಿದೆಯೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಬೆನ್ನ ಮೇಲೆ ಭಾರ ಬಿದ್ದಾಗಲೇ ತಿಳಿಯುತ್ತಿದ್ದುದು. ಕೆಲವು ದಿನ ಪಾತ್ರ ಬದಲು. ಕೂಸೇ ಅಂಗಾತ ಬಿದ್ದು ಕತ್ತು ಒಡ್ಡುತ್ತಿತ್ತು, ಅವನು ಮೇಲೆ ಬಿದ್ದು ಹಲ್ಲು ತಾಗಿಸಬೇಕಿತ್ತು. ತಾಗಿಸುತ್ತಿದ್ದ.

ಕತ್ತಿನ ಗುರುತುಗಳನ್ನು ಪಾರ್ವತಮ್ಮ ನೋಡದೆ ಇರುತ್ತಾಳೆಯೇ?

"ಯಾವ ಸವತಿ ಕಚ್ಚಿದ್ಲು?" ಎಂದಳು, ಬೆನ್ನಿಗೆ ನೀರು ಹುಯ್ಯುತ್ತ.

"ಸೂಜಿ ಚುಚ್ಕಂತು ಕಣಮ್ಮಿ."

"ನಾಕು ಸೂಜಿ, ಸಾಲಾಗಿ. ಸವತಿಗೆ ಹಲ್ಲು ಚೆನ್ನಾಗವೆ ಬುಡಿ."

ಹೇಳಿದ. ಅವಳು ಚೊಂಬು ಕೆಳಗಿಟ್ಟು ಎಲ್ಲ ಕೇಳಿಸಿಕೊಂಡಳು. "ಅದು ನಿಮ್ಮನ್ನ ತಿಂದು ಹಾಕಿದ್ರೆ ನಿಮ್ ಚರ್ಮನ ಯಾರು ತುಂಬ್ತಾರೆ? ಮುಖದ ಕೆಲಸ ಗೊತ್ತಿರೋರು ಇನ್ಯಾರೂ ಇಲ್ವಲ್ಲ" ಎಂದಳು. ಮಾರನೆಯ ದಿನದಿಂದ ಬುತ್ತಿ ತಾನೇ ತಂದು, ಒಳಗಿನ ಕಿಟಕಿಯ ಹತ್ತಿರ ಎಲೆಯಡಿಕೆ ಹಾಕಿಕೊಂಡು ಕೂರತೊಡಗಿದಳು. ಮೊದಲ ದಿನವೇ ಅವಳು ಬಾಯಲ್ಲಿದ್ದ ಎಲೆ ಉಗಿದು ಎದ್ದು ನಿಂತಳು. ಹೆದರಿದ್ದು ಚಿರತೆಗಲ್ಲ. ಚರ್ಮ ಹೊದ್ದ ಗಂಡ ತಲೆಯೆತ್ತಿ ಕಿಟಕಿಯ ಕಡೆ ನೋಡಿದ್ದ. ಮೇಲ್ತುಟಿ ಇಳಿದು, ಕೆಳಹಲ್ಲು ಕಂಡು, ಕಣ್ಣು ದುಂಡಗಾಗಿತ್ತು. ಚಪ್ಪರದ ಕೆಳಗೆ ನಿಂತಿದ್ದ ಸತ್ತ ಚಿರತೆಗೂ ಅದೇ ಮುಖವಿತ್ತು.

ಆಮೇಲೆ ಮನೆಯಲ್ಲೂ ಅವಳಿಗೆ ಅದು ಕಾಣತೊಡಗಿತು. ಮುದ್ದೆ ಮುರಿಯುವಾಗ ಅವನು ಸುಮ್ಮನೆ ತಲೆಯೆತ್ತುತ್ತಿದ್ದ, ಬಾಯಿ ತೆರೆದಿರುತ್ತಿತ್ತು.

"ಏನಂದ್ರೆ."

"ಊಂ?"

"ಬಾಯ್ ಮುಚ್ಕಳಿ. ನೊಣ ಹೋಗ್ತದೆ."

ಮುಚ್ಚಿಕೊಳ್ಳುತ್ತಿದ್ದ. ತೆರೆದದ್ದು ಅವನಿಗೆ ಗೊತ್ತೇ ಇರುತ್ತಿರಲಿಲ್ಲ.

ಆಷಾಢದ ಗಾಳಿಯಲ್ಲಿ ಕೂಸು ದೊಡ್ಡ ನಾಯಿಯಷ್ಟಾಯಿತು. ಮೂಳೆ ರಾಶಿಗೆ ಬಂದ ಹೆಗ್ಗಣವೊಂದನ್ನು ಹಿಡಿದು ಮಧ್ಯಾಹ್ನವೆಲ್ಲ ಆಡಿತು. ಬಿಡುವುದು, ಓಡಲು ಬಿಟ್ಟು ಹಿಡಿಯುವುದು. ಕೊನೆಗೆ ಹೆಗ್ಗಣ ಅಲುಗದಾದಾಗ ಅದನ್ನು ಬೆಟ್ಟಯ್ಯನ ಮುಂದೆ ತಂದಿಟ್ಟು, ಕೆಟ್ಟುಹೋದ ಬೊಂಬೆಯನ್ನು ತಂದ ಮಗುವಿನಂತೆ ಮುಖ ನೋಡಿತು. ಶ್ರಾವಣದಲ್ಲಿ ಇನ್ನೊಂದು ಹೆಗ್ಗಣ ಬಂತು. ಆ ಸಲ ಆಟವೇ ಇರಲಿಲ್ಲ. ಒಂದು ಹಾರು, ಒಂದು ಕಚ್ಚು. ಬಾಯಿ ಮುಚ್ಚಿತ್ತು. ಬೆಟ್ಟಯ್ಯ ಕಿಟಕಿಯ ಕಡೆ ತಿರುಗಿ ಹೆಂಡತಿಗೆ ತಲೆಯಾಡಿಸಿದ.

"ಆಯ್ತಲ್ಲ, ಕಲ್ತದೆ. ಬುಟ್ಬುಡಿ" ಎಂದಳು.

"ಹೆಗ್ಗಣ ಕಲ್ತದೆ. ಹೆಗ್ಗಣ ತಿಂದ್ಕಂಡು ಬೆಟ್ಟದಾಗೆ ಎಷ್ಟು ದಿನ ಇರ್ತದೆ? ಕಾಲಿರೋ ದೊಡ್ಡದ್ನ ಕೆಡವ್ಬೇಕು."

"ಕಾಲಿರೋ ದೊಡ್ಡದು ಇಲ್ಲಿ ನೀವೊಬ್ರೇ ಇರೋದು."

ಅವನು ಕತ್ತಿನ ಹಗ್ಗ ಬಿಚ್ಚಿ ಗೂಟಕ್ಕೆ ಹಾಕಿದ.

ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನವಿರುವಾಗ ದೊರೆಸ್ವಾಮಿ ಹಿತ್ತಲಿಗೆ ಬಂದು ಕೂಸಿನ ಉದ್ದಗಲವನ್ನು ಕಣ್ಣಳತೆಯಲ್ಲಿ ನೋಡಿದ. "ನಾಳೆ ಬೆಳಿಗ್ಗೆ ಮಹದೇವು ಹಗ್ಗ ತರ್ತಾನೆ. ಗುಂಡು ಬೇಡ, ತೂತು ಬೀಳುತ್ತೆ. ನೀನು ಜೇಡಿಮಣ್ಣು ನೆನೆಹಾಕಿಡು. ತಾಯಿಗೂ ಮಗಳಿಗೂ ಒಂದೇ ಕೋಪ ಇರಲಿ" ಎಂದು ಹೇಳಿ ಊಟಕ್ಕೆ ಹೋದ.

ಬೆಟ್ಟಯ್ಯ ಮಣ್ಣು ನೆನೆಹಾಕಿದ. ಕೈತೊಳೆದುಕೊಂಡ. ಸಾರಗದ ಚರ್ಮ ಹೊದ್ದ, ಕತ್ತಿಗೆ ಹಗ್ಗ ಸುತ್ತಿದ. ಪಾರ್ವತಮ್ಮ ಕಿಟಕಿಯಲ್ಲಿದ್ದಳು.

ಹಿತ್ತಲಿನಲ್ಲಿ ಕೂಸು ಕಾಣಲಿಲ್ಲ. ಬಿಸಿಲು ತಂತಿಬಲೆಯ ಚೌಕಗಳನ್ನು ನೆಲದ ಮೇಲೆಲ್ಲ ಹಾಸಿತ್ತು. ಬಲೆಯ ಮೇಲೆ ಸದಾ ಗಲಾಟೆ ಮಾಡುವ ಕಾಗೆಗಳು ಸಾಲಾಗಿ ಕೂತು ಸುಮ್ಮನಿದ್ದವು. ಅವನು ಅಂಗೈ ಊರಿ, ಬಾಯಿ ತೆರೆದು, ಕಾದ. ಯಾರೂ ಬಂದು ಅಪ್ಪಣೆ ಕೇಳಲಿಲ್ಲ. ಹುಲ್ಲು ಮೇಯುವಂತೆ ತಲೆ ತಗ್ಗಿಸಿದ. ಕತ್ತಿನ ಹಿಂದೆ ಕೂದಲು ನಿಮಿರಿದ್ದು ಅವನಿಗೆ ಗೊತ್ತಾಯಿತು. ತಲೆಯೆತ್ತಿ ಚಪ್ಪರದ ಕಡೆ ನೋಡಿದ.

ಎರಡು ಮುಖ ಪಕ್ಕಪಕ್ಕದಲ್ಲಿದ್ದವು. ಒಂದು ಬಾಯಿ ತೆರೆದು, ಕಣ್ಣರಳಿಸಿ, ಬಾ ಆಡೋಣ ಎನ್ನುತ್ತಿತ್ತು. ಅದು ಸತ್ತು ವರ್ಷವಾಗುತ್ತ ಬಂದಿತ್ತು. ಇನ್ನೊಂದರ ಬಾಯಿ ಮುಚ್ಚಿತ್ತು. ಅದರ ಕಣ್ಣು ಅವನ ಮುಖವನ್ನು ನೋಡುತ್ತಿರಲಿಲ್ಲ, ಕತ್ತನ್ನು ನೋಡುತ್ತಿತ್ತು. ಬಾಲದ ತುದಿಯೊಂದು ಬಿಟ್ಟರೆ ಮೈಯಲ್ಲಿ ಏನೂ ಅಲುಗುತ್ತಿರಲಿಲ್ಲ.

ಇಷ್ಟು ತಿಂಗಳು ಅವನು ಕಾದಿದ್ದ ಮುಖ ಅದೇ. ಕಂಡಾಗ ಅವನಿಗೆ ಖುಷಿಯಾಗಲಿಲ್ಲ. ಕೆಳದವಡೆ ತಾನಾಗಿ ಇಳಿಯಿತು. ಮೊಣಕೈ ಬಗ್ಗಿಸಿ, ಬಾಯಿ ತೆರೆದು ಅವನೇ ಕೇಳಿದ. ಆಟ ತಾನೇ? ಕೂಸು ಉತ್ತರ ಕೊಡಲಿಲ್ಲ. ಹಿಂಗಾಲು ಒಂದರ ನಂತರ ಒಂದು ನೆಲಕ್ಕೆ ಊರಿಕೊಂಡವು.

ಅವನು ಚರ್ಮವನ್ನು ಬೆನ್ನಿಂದ ಕಿತ್ತು ಎದುರಿಗೆ ಎಸೆದದ್ದೂ ಅದು ಹಾರಿದ್ದೂ ಒಂದೇ ಗಳಿಗೆಯಲ್ಲಿ. ಚರ್ಮದ ಕತ್ತು ಹಲ್ಲಿಗೆ ಸಿಕ್ಕಿತು. ಕೂಸು ಅದನ್ನು ತಾಯಿಯ ಕಾಲಬುಡದಲ್ಲಿ ಅದುಮಿ ಹಿಡಿಯಿತು. ಬೆಟ್ಟಯ್ಯ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದು, ಒಳಬಾಗಿಲು ದಾಟಿ, ಚಿಲಕ ಹಾಕಿ, ಕಿಟಕಿಯಲ್ಲಿ ಹೆಂಡತಿಯ ಪಕ್ಕ ನಿಂತ. ಅದು ಇನ್ನೂ ಬಿಟ್ಟಿರಲಿಲ್ಲ. ಒಂದು ಸಾರಗದ ಉಸಿರು ನಿಲ್ಲಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡಿದೇ ಇತ್ತು. ಆಮೇಲೆ ಬಿಟ್ಟು, ಆ ಖಾಲಿ ಚರ್ಮವನ್ನು ಮೂಸಿ, ಸುತ್ತಲೂ ನೋಡಿತು.

"ಕಲ್ತದೆ" ಎಂದ ಬೆಟ್ಟಯ್ಯ. ಕತ್ತಿನ ಹಗ್ಗದ ಗಂಟು ಬಿಗಿದಿತ್ತು. ಪಾರ್ವತಮ್ಮ ಬಿಚ್ಚಿದಳು.

ಇಬ್ಬರೂ ಮುಂದಿನಿಂದ ಹೋಗಿ ಗೋಡೆ ಸುತ್ತಿ ಹಿಂದಕ್ಕೆ ಬಂದರು. ಅವಳು ಗೋಡೆಯ ಮೂಲೆಯಲ್ಲಿ ನಿಂತಳು. ಅವನು ಹಿಂಬಾಗಿಲ ಹೊರಗಿನ ಚಿಲಕ ತೆಗೆದು, ಕದವನ್ನು ತನ್ನ ಮೇಲೇ ಎಳೆದುಕೊಂಡು ಮರೆಗೆ ನಿಂತ. ಕೂಸು ಹೊರಬಂತು. ಮೊಳದೂರದಲ್ಲಿ ಅವನನ್ನು ದಾಟಿತು, ತಿರುಗಿ ನೋಡಲಿಲ್ಲ. ಲಂಟಾನದ ಅಂಚಿನವರೆಗೆ ನಡೆದು ನಿಂತಿತು. ಆಮೇಲೆ ತಿರುಗಿ, ಮುಂಗಾಲು ಬಗ್ಗಿಸಿ, ಬಾಯಿ ತೆರೆಯಿತು.

ಮುಂದಿನದನ್ನು ಪಾರ್ವತಮ್ಮ ಜೀವನದಲ್ಲಿ ಇಬ್ಬರಿಗೋ ಮೂವರಿಗೋ ಹೇಳಿದ್ದಾಳೆ. ಗಂಡ ಕದದ ಹಿಂದಿನಿಂದ ಹೊರಬಂದ. ನೆಲಕ್ಕೆ ಅಂಗೈ ಊರಿದ. ಮೈಮೇಲೆ ಚರ್ಮವಿರಲಿಲ್ಲ, ಕತ್ತಿಗೆ ಹಗ್ಗವಿರಲಿಲ್ಲ. ನಾಲ್ಕಾರು ಮೊಳ ಅವನು ಹಾಗೇ ಹೋದ. ಅವಳು ಕರೆದಳು, ಕೇಳಿಸಲಿಲ್ಲ. ಮತ್ತೆ ಕರೆದಳು. ಮೂರನೆಯ ಸಲ, ಯಾವತ್ತೂ ಬಾಯಲ್ಲಿ ತರದ ಗಂಡನ ಹೆಸರನ್ನೇ ಹಿಡಿದು ಕರೆದಳು. ಅವನು ತಿರುಗಿ ನೋಡಿದ. ಆ ನೋಟದಲ್ಲಿ ಕರೆದವಳು ಯಾರೆಂಬುದು ಅವನಿಗೆ ಗೊತ್ತಿರಲಿಲ್ಲ ಎಂದು ಅವಳು ಹೇಳುತ್ತಿದ್ದಳು. ಗೊತ್ತಾಗುವ ಹೊತ್ತಿಗೆ ಪೊದೆಯ ಅಂಚು ಖಾಲಿಯಾಗಿತ್ತು.

ಬೆಳಿಗ್ಗೆ ಮಹದೇವು ಹಗ್ಗ ತಂದ, ತಂದಹಾಗೇ ಹೊತ್ತುಕೊಂಡು ಹೋದ.

"ಚಿಲಕ ತಾನಾಗಿ ತೆಗೀತೇನಯ್ಯ?" ಎಂದ ದೊರೆಸ್ವಾಮಿ.

"ತಗ್ದಿರ್ಬೇಕು ಯಜಮಾನ್ರೇ."

ದೊರೆಸ್ವಾಮಿ ಅವನ ಕತ್ತಿನ ಮೇಲಿನ ಹಲ್ಲಿನ ಗುರುತು ನೋಡಿ ಮಾತು ಬೆಳೆಸಲಿಲ್ಲ. ವ್ಯಾಪಾರ ಬಲ್ಲವನು, ಉಗ್ರಾಣದಲ್ಲಿದ್ದ ಬೇರೆ ಎರಡು ಚಿರತೆಗಳನ್ನು ತಾಯಿ ಮಗಳೆಂದು ಸುಂದರೇಶಯ್ಯನವರ ಹಜಾರಕ್ಕೆ ಕಳಿಸಿದ. ದೊಡ್ಡದು ಗಂಡು. ಅತಿಥಿಗಳಲ್ಲಿ ಯಾರೂ ಬಗ್ಗಿ ನೋಡಲಿಲ್ಲ.

ಆದರೆ ಬೆಟ್ಟಯ್ಯನ ಕೈಯಿಂದ ಕೋಪ ಹೋಗಿಬಿಟ್ಟಿತು. ಸಂಜೆ ತುಟಿ ಎತ್ತಿ ಸೂಜಿ ಚುಚ್ಚಿ ಹೋದರೆ ಬೆಳಿಗ್ಗೆ ತುಟಿ ಇಳಿದಿರುತ್ತಿತ್ತು. ಒದ್ದೆ ಮಣ್ಣು ಕುಸಿಯಿತೋ, ಹೋಗುವ ಮುಂಚೆ ತನ್ನ ಕೈಯೇ ಇಳಿಸಿತೋ ಅವನಿಗೆ ನೆನಪಿರುತ್ತಿರಲಿಲ್ಲ. ತೋಟದ ಬಂಗಲೆಗಳಿಂದ ಮೂರು ಚಿರತೆ ವಾಪಸು ಬಂದವು. ಮೂರೂ ಮನೆಯವರು ಕಾರಣ ಹೇಳಲು ನಾಚಿದರು. ೧೯೫೬ರಲ್ಲಿ ದೊರೆಸ್ವಾಮಿ ಲೆಕ್ಕ ಮುಗಿಸಿ ಕಳಿಸಿದ. ಯಾರೂ ಕೊಳ್ಳದ ತಾಯಿಚಿರತೆಯನ್ನೂ ಜೊತೆಗೆ ಗಾಡಿಗೆ ಹಾಕಿಸಿದ, ಜಾಗ ಖಾಲಿಯಾಗಲೆಂದು.

ಬೋಗಾದಿಗೆ ಮರಳಿ ಬೆಟ್ಟಯ್ಯ ದಸರಾ ಬೊಂಬೆಗಳನ್ನು, ಗಣಪತಿಗಳನ್ನು ಮಾಡಿಕೊಂಡಿದ್ದ. ಚಿರತೆ ಪಡಸಾಲೆಯಲ್ಲಿ ನಿಂತಿತ್ತು. ಸಂಜೆಹೊತ್ತು ಊರ ನಾಯಿಗಳು ಬಾಗಿಲಲ್ಲಿ ಸೇರಿ, ಸಾಲಾಗಿ ಮುಂಗಾಲು ಬಗ್ಗಿಸಿಕೊಂಡು ಇರುತ್ತಿದ್ದವು. ಬೊಗಳುತ್ತಿರಲಿಲ್ಲ. ಊರವರಿಗೆ ಅಭ್ಯಾಸವಾಯಿತು.

೧೯೬೧ರ ಬೇಸಿಗೆಯಲ್ಲಿ ಮಹದೇವು ಬಂದ. ಕೋವಿ ಬಿಟ್ಟು ಚಾಮುಂಡಿ ಬೆಟ್ಟದ ಬುಡದಲ್ಲಿ ಮೇಕೆ ಮೇಯಿಸುತ್ತಿದ್ದ, ಮುದುಕನಾಗಿದ್ದ. ನೀರು ಕುಡಿಯಲು ಒಳಗೆ ಕಾಲಿಟ್ಟವನು ಪಡಸಾಲೆಯಲ್ಲೇ ನಿಂತುಬಿಟ್ಟ.

"ಈ ಬಾಯ್ನ ನಾನು ಕಂಡಿವ್ನಿ" ಎಂದ.

"ನೀನೇ ಹೊಡೆದ ಚಿರತೆ. ಕಾಣ್ದೆ ಏನು?"

"ಹೊಡೆದಾಗ ಈ ಮುಖ ಇರ್ಲಿಲ್ಲ ಕಣಪ್ಪ. ಬೆಟ್ಟದಾಗೆ ಒಂದದೆ. ಹೆಣ್ಣು. ಅದು ಮೇಕೆ ಮೇಲೆ ಹಾರಕಿಲ್ಲ. ಪೊದೆ ಪಕ್ಕ ಬಂದು ಮುಂಗಾಲು ಮಡಿಸ್ಕಂಡು ಇಂಗೇ ಬಾಯಿ ಬುಡ್ತದೆ. ಮೇಕೆಮರಿಗಳು ಕುಣೀತಾ ತಾವೇ ಹತ್ರ ಹೋಯ್ತವೆ. ನಾ ಕೂಗಿದ್ರೂ ತಿರುಗಕಿಲ್ಲ."

ಬೆಟ್ಟಯ್ಯ ಪಡಸಾಲೆಯ ಚಿರತೆಯ ಮೇಲ್ತುಟಿಯ ಮೇಲೆ ಬೆರಳಿಟ್ಟ. "ಮೇಲಿನ ಹಲ್ಲು ಕಾಣ್ತದಾ?"

"ಇಲ್ಲ. ಕೆಳಗಿನವೇ."

"ಹತ್ರ ಹೋದ್ಮೇಲೆ?"

"ಹತ್ರ ಹೋದ್ಮೇಲೆ ಬಾಯಿ ಮುಚ್ಕತದೆ." ಮಹದೇವು ಚೊಂಬನ್ನು ಎರಡು ಕೈಯಲ್ಲಿ ಹಿಡಿದ. "ಎರಡು ಮರಿ ಇಟ್ಟದೆ. ಅವೂ ಪಕ್ಕದಾಗೆ ಕೂತ್ಕಂಡು ನೋಡ್ತಿರ್ತವೆ. ಮೊನ್ನೆ ಮೇಕೆ ಇರ್ಲಿಲ್ಲ. ನನ್ನೇ ಕರೀತು."

"ಹೋದ್ಯಾ?"

"ಮೊಣಕಾಲು ಬಗ್ಗಿತ್ತು. ಸೊಂಟ ಹಿಡ್ಕಂಡು ಬಿದ್ದೋದೆ, ಅದಕ್ಕೆ ಉಳ್ಕಂಡೆ."

ಮೇಷ್ಟ್ರು ಹೇಳಿದ್ದ ಉಳಿದರ್ಧ ಅದು. ಯಾರೂ ಕಲಿಸಿದ್ದಲ್ಲ, ತಾನೇ ಕಲಿತದ್ದು. ಯಾವಾಗ ಕಲಿಯಿತು? ಬೆಟ್ಟ ಸೇರಿದ ಮೇಲೋ, ಹಿಂಬಾಗಿಲಿಂದ ಹೊರಬಂದು ಪೊದೆಯ ಅಂಚಿನಲ್ಲಿ ತಿರುಗಿ ನಿಂತ ಗಳಿಗೆಯಲ್ಲೋ? ಆ ದಿನ ಕರೆದದ್ದು ಆಟಕ್ಕೆ ಎಂದು ಬೆಟ್ಟಯ್ಯ ಏಳು ವರ್ಷ ನಂಬಿಕೊಂಡು ಬಂದಿದ್ದ. ಅವನು ಪಾರ್ವತಮ್ಮನ ಕಡೆ ನೋಡಿದ. ಅವಳು ಕಂಬಕ್ಕೆ ಒರಗಿ ನಿಂತು ನೆಲ ನೋಡುತ್ತಿದ್ದಳು. ಅವಳಿಗೆ ಆ ಸಂಶಯ ಮೊದಲಿನಿಂದಲೂ ಇತ್ತೆಂದು ಅವನಿಗೆ ಆಗ ಗೊತ್ತಾಯಿತು.

ಮಹದೇವು ಹೋದಮೇಲೆ ಬೆಟ್ಟಯ್ಯ ಜೇಡಿಮಣ್ಣು ನೆನೆಹಾಕಿದ. ಎರಡು ದಿನ ಒದ್ದೆ ಬಟ್ಟೆ ಸುತ್ತಿ ಆ ಹಳೆಯ ಮುಖವನ್ನು ಮೆತ್ತಗೆ ಮಾಡಿದ. ದವಡೆಯ ತಂತಿ ಕತ್ತರಿಸಿ, ತುಟಿ ಕೂಡಿಸಿ, ಸೂಜಿ ಚುಚ್ಚಿದ. ಅವನು ಕೂರಿಸಿದ ನೂರಾರು ಬಾಯಿಗಳಲ್ಲಿ ಮುಚ್ಚಿದ್ದು ಅದೊಂದೇ.

ಸೂಜಿ ಕಿತ್ತ ಸಂಜೆ ನಾಯಿಗಳು ಬಾಗಿಲವರೆಗೆ ಬಂದು, ಒಳಗೆ ನೋಡಿ, ಬಾಲ ಮುದುರಿಕೊಂಡು ಹೋದವು. ಮತ್ತೆ ಬರಲಿಲ್ಲ. ಪಾರ್ವತಮ್ಮ ಮಾತ್ರ ಆಮೇಲೂ ಎಷ್ಟೋ ವರ್ಷ, ಊಟಕ್ಕೆ ಕೂತ ಗಂಡನ ಬಾಯಿಯನ್ನು ಒಂದು ಸಲ ನೋಡಿಕೊಂಡೇ ಮುದ್ದೆ ಬಡಿಸುತ್ತಿದ್ದಳು.